ಬೋರ್ಡ್ ಗೇಮ್ ಗಿಫ್ಟ್ ಕೊಡೋರೇ, ರೇಟಿಂಗ್ ನೋಡ್ಬೇಡಿ, ಮನೆ ನೋಡಿ

ಡಿಸೆಂಬರ್ ರಜೆ ಹತ್ರ ಬಂತು ಅಂದ್ರೆ ಸಾಕು, ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಅಕ್ಕನ ಮಕ್ಳಿಗೆ ಬೋರ್ಡ್ ಗೇಮ್ ಕೊಡೋಣ ಅಂತಿದೀವಿ, ಯಾವ್ದು ಒಳ್ಳೇದು ಹೇಳು". ಇಂಟರ್ನೆಟ್ಟಲ್ಲಿ ಟಾಪ್ ಟೆನ್ ಲಿಸ್ಟುಗಳು ರಾಶಿ ಬಿದ್ದಿವೆ, ಆದ್ರೆ ಅವನ್ನೆಲ್ಲ ಬರೆದಿರೋದು ವಾರ ವಾರ ಇದೇ ಆಡೋ ಜನ, ದೊಡ್ಡ ಟೇಬಲ್ ಇರೋ ಜನ, ಮನೇಲಿ ಎಲ್ರಿಗೂ ಇಂಗ್ಲಿಷ್ ಓದೋಕೆ ಬರೋ ಜನ. ನಮ್ಮ ಮನೆಗಳಲ್ಲಿ ಆಡೋದು ಹಾಲಲ್ಲಿ ಚಾಪೆ ಮೇಲೆ, ತಲೆ ಮೇಲೆ ಫ್ಯಾನ್ ತಿರುಗ್ತಿರತ್ತೆ, ಅಜ್ಜಿ ಪಕ್ಕದಲ್ಲಿ ಹೂ ಕಟ್ತಾ "ನಂಗೂ ಒಂಚೂರು ಹೇಳ್ಕೊಡ್ರೋ" ಅಂತಿರ್ತಾರೆ, ನಾಲ್ಕು ಜನದ ಆಟ ಅಂತ ಕೂತ್ರೆ ಐದನೇಯವ್ರು ಬಂದು ಜರುಗಿ ಅಂತಾರೆ.

ಹಾಗಾಗಿ ನಾನು ನೋಡೋದು ಒಂದೇ, ಈ ಆಟ ಆ ಮನೇಲಿ ಎರಡನೇ ಸಲ ಆಡ್ತಾರಾ. ಮೊದಲನೇ ಸಲ ಮುಲಾಜಿಗೆ ಎಲ್ರೂ ಆಡ್ತಾರೆ, ಕೊಟ್ಟೋರು ಎದುರಿಗೇ ಕೂತಿರ್ತಾರಲ್ಲ. ಎರಡನೇ ಸಲ ನೀವಿಲ್ದೇ ಇರುವಾಗ ಡಬ್ಬ ಕೆಳಗಿಳೀಬೇಕು. ಎಷ್ಟೋ ಮನೆಗಳಲ್ಲಿ ಭಾರೀ ಹೆಸರಿರೋ ಆಟಗಳು ಪ್ಲಾಸ್ಟಿಕ್ ಕವರೂ ಬಿಚ್ಚದೆ ಶೋಕೇಸ್ ಮೇಲೆ, ಮದುವೆಗೆ ಬಂದ ಡಿನ್ನರ್ ಸೆಟ್ ಪಕ್ಕದಲ್ಲಿ ಕೂತಿರೋದು ನೋಡಿದೀನಿ.

ಮೊದ್ಲು ಅಜುಲ್. ಮೈಕಲ್ ಕೀಸ್ಲಿಂಗ್ ಮಾಡಿದ ಆಟ, 2017ರಲ್ಲಿ ಬಂತು, ಮುಂದಿನ ವರ್ಷ ಜರ್ಮನಿಯ ಸ್ಪೀಲ್ ಡೆಸ್ ಯಾರೆಸ್, ಅಂದ್ರೆ 'ವರ್ಷದ ಆಟ' ಪ್ರಶಸ್ತಿ ಗೆದ್ದಿತು. ಐದು ಬಣ್ಣದ ಟೈಲ್ಸು, ಬಣ್ಣಕ್ಕೆ ಇಪ್ಪತ್ತರಂತೆ ಒಟ್ಟು ನೂರು, ಪೋರ್ಚುಗಲ್ ಅರಮನೆ ಗೋಡೆಗೆ ಹೆಂಚು ಕೂರಿಸೋ ಕಥೆ. ಕಥೆ ಬಿಡಿ, ಅದು ಯಾರಿಗೂ ನೆನಪಿರಲ್ಲ. ಟೈಲ್ಸ್ ಕೈಗೆ ತಗೊಂಡ್ರೆ ಗೊತ್ತಾಗತ್ತೆ, ಒಳ್ಳೆ ತೂಕ, ನುಣುಪು, ಬಟ್ಟೆ ಚೀಲದೊಳಗೆ ಕೈ ಹಾಕಿ ಗಲಗಲ ಅನ್ಸಿ ತೆಗೆಯೋದೇ ಒಂದು ಖುಷಿ. ನಡುವೆ ಟೈಲ್ಸ್ ಇಟ್ಟಿರೋ ದುಂಡು ರಟ್ಟಿನ ಬಿಲ್ಲೆಗಳಲ್ಲಿ ಒಂದನ್ನ ಆರಿಸಿ ಅದರಿಂದ ಒಂದೇ ಬಣ್ಣದ್ದನ್ನೆಲ್ಲ ಎತ್ಕೋಬೇಕು, ನಿಮ್ಮ ಹಲಗೆ ಮೇಲೆ ಒಂದು ಸಾಲಲ್ಲಿ ತುಂಬಬೇಕು, ಸಾಲಿಗಿಂತ ಜಾಸ್ತಿ ಬಂದ್ರೆ ಮಿಕ್ಕಿದ್ದು ಕೆಳಗೆ ಬಿದ್ದು ಪಾಯಿಂಟ್ ಕಟ್. ಓದೋಕೆ ಒಂದಕ್ಷರ ಇಲ್ಲ, ಹಾಗಾಗಿ ಎಂಟು ವರ್ಷದ ಹುಡುಗಿಗೂ ಅವಳಜ್ಜಿಗೂ ಆಟ ಸರಿಸಮ.

ಆದ್ರೆ ನೋಡೋಕೆ ಸಾಧು ಅಷ್ಟೇ. ಮುಂದಿನವ್ರಿಗೆ ಬೇಕಿಲ್ಲದ ನಾಲ್ಕು ಕೆಂಪು ಟೈಲ್ಸ್ ಅವ್ರ ತಲೆಗೇ ಕಟ್ಟೋ ಥರ ಆಡ್ಬೋದು, ಕೆಳಗೆ ಬಿದ್ದೋವು ಕೂರೋ ಸಾಲು ಪೂರ್ತಿ ತುಂಬಿದ್ರೆ 14 ಪಾಯಿಂಟ್ ಹೋಗತ್ತೆ. ಇದನ್ನ ಮೊದ್ಲು ಕಂಡುಹಿಡಿಯೋದು ಅಜ್ಜಿನೇ, ಪಗಡೆ ಚೌಕಾಬಾರ ಆಡಿ ಬೆಳೆದೋರಿಗೆ ಇನ್ನೊಬ್ರ ಕಾಯಿ ಹೊಡೆಯೋದು ಹೇಳ್ಕೊಡ್ಬೇಕಾ. "ಅಯ್ಯೋ ಪಾಪ, ನಿಂಗೇ ಬಂತಲ್ಲೋ" ಅಂತ ಹೂ ಕಟ್ತಾನೇ ಮೊಮ್ಮಗನ್ನ ಮುಗಿಸಿಬಿಡ್ತಾರೆ.

ಒಂದು ದೊಡ್ಡ ಕುಂದು ಹೇಳ್ಬೇಕು. ಆಟಗಾರರ ಹಲಗೆ ಬರೀ ಚಪ್ಪಟೆ ರಟ್ಟು, ಟೈಲ್ಸ್ ಕೂರೋಕೆ ಗುಳಿ ಇಲ್ಲ, ಸ್ಕೋರ್ ತೋರಿಸೋ ಪುಟಾಣಿ ಕಪ್ಪು ಕ್ಯೂಬೂ ಹಾಗೇ ಮೇಲೆ ಇಟ್ಟಿರತ್ತೆ. ಚಾಪೆ ಮೇಲೆ ಯಾರಾದ್ರೂ ಕಾಲು ಬದಲಾಯಿಸಿದ್ರೆ ಸಾಕು, ಗೋಡೆ ಕುಸಿಯಿತು, ಸ್ಕೋರೂ ಹೋಯ್ತು, ಆಮೇಲೆ "ನಂದು ಇಪ್ಪತ್ತೇಳಿತ್ತು" "ಇಲ್ಲ ಇಪ್ಪತ್ನಾಲ್ಕು" ಶುರು. ಕೆಳಗೊಂದು ಗಟ್ಟಿ ಮಣೆನೋ ದೊಡ್ಡ ಟ್ರೇನೋ ಇಟ್ಕೊಂಡು, ಸ್ಕೋರ್ ಪೇಪರಲ್ಲಿ ಬರ್ಕೊಳ್ಳಿ. ಇನ್ನೊಂದು, ಇದು ನಾಲ್ಕೇ ಜನಕ್ಕೆ, ಐದನೇಯವ್ರಿಗೆ ಜಾಗ ಇಲ್ಲ.

ಐದು ಜನ ಇದ್ರೆ ಟಿಕೆಟ್ ಟು ರೈಡ್. ಅಲನ್ ಮೂನ್ ಮಾಡಿದ್ದು, 2004ರದ್ದು, ಅದೇ ಪ್ರಶಸ್ತಿ ಅದೇ ವರ್ಷ. ಒಬ್ಬೊಬ್ರಿಗೂ 45 ಪುಟ್ಟ ರೈಲು ಬೋಗಿ, ಕೈಲಿ ಗುಟ್ಟಾಗಿ ಟಿಕೆಟ್ಟು, ಇಂಥ ಊರಿಂದ ಇಂಥ ಊರಿಗೆ ದಾರಿ ಮಾಡು ಅಂತ. ನಿಮ್ಮ ಸರದೀಲಿ ಮಾಡೋದು ಮೂರರಲ್ಲಿ ಒಂದು, ಕಾರ್ಡ್ ಎಳೀರಿ, ಇಲ್ಲ ಹಳಿ ಹಾಕಿ, ಇಲ್ಲ ಹೊಸ ಟಿಕೆಟ್ ತಗೊಳ್ಳಿ. ರಮ್ಮಿ ಆಡೋಕೆ ಬರೋ ಯಾವ ಮಾವನಿಗಾದ್ರೂ ಐದು ನಿಮಿಷದಲ್ಲಿ ಹೇಳ್ಕೊಡ್ಬೋದು, ಬಣ್ಣದ ಕಾರ್ಡು ಸೇರಿಸೋದು ಅಷ್ಟೇ ತಾನೇ. ಒಂದು ಬೋಗಿ ಹಳಿಗೆ ಒಂದು ಪಾಯಿಂಟು, ಆರು ಬೋಗಿದಕ್ಕೆ ಹದಿನೈದು, ಅದಕ್ಕೇ ಉದ್ದದ ಹಳಿಗೆ ಕಾಯ್ತಾ ಕೂರೋರು ಇರ್ತಾರೆ, ಅಷ್ಟರಲ್ಲಿ ಪಕ್ಕದವ್ರು ನಡುವೆ ಒಂದು ಸಣ್ಣ ತುಂಡು ಹಾಕಿ ದಾರಿ ಮುಚ್ಚಿರ್ತಾರೆ. ಮುಗಿಸದ ಟಿಕೆಟ್ ಪಾಯಿಂಟು ಕಳೀತಾರೆ ಬೇರೆ, ಆ ಕ್ಷಣದಲ್ಲಿ ಮನೇಲಿ ಆಗೋ ಗಲಾಟೆ ನೋಡ್ಬೇಕು ನೀವು.

ಗಿಫ್ಟ್ ಕೊಡೋಕೆ ಮೊದಲಿನ ಅಮೆರಿಕಾ ನಕ್ಷೆಗಿಂತ ಯುರೋಪ್ ನಕ್ಷೆ ನಂಗಿಷ್ಟ, ಅದ್ರಲ್ಲಿ ಸ್ಟೇಷನ್ ಅಂತಿದೆ, ದಾರಿ ಮುಚ್ಚಿದ್ರೆ ಸ್ಟೇಷನ್ ಇಟ್ಟು ಇನ್ನೊಬ್ರ ಹಳಿ ಮೇಲೇ ಹೋಗ್ಬೋದು, ಹೊಸಬರು ಮುನಿಸ್ಕೊಂಡು ಎದ್ದು ಹೋಗಲ್ಲ. ಊರ ಹೆಸರುಗಳು ಮಾತ್ರ ಆಯಾ ದೇಶದೋರು ಹೇಳೋ ಥರ ಇವೆ, ವಿಯೆನ್ನಾ ಹುಡುಕಿದ್ರೆ ಸಿಗಲ್ಲ, ವೀನ್ ಅಂತಿರತ್ತೆ. ಟಿಕೆಟ್ ಮೇಲೆ ಪುಟ್ಟ ನಕ್ಷೆ ಇರೋದ್ರಿಂದ ಓದೋಕೆ ಬರದವ್ರೂ ಜಾಗ ಗುರುತು ಹಿಡೀತಾರೆ. ಈಗ ಎಚ್ಚರಿಕೆ. ಈ ಆಟಕ್ಕೆ ಭಾರತದ ನಕ್ಷೆನೂ ಇದೆ, 2011ರಲ್ಲಿ ಬಂತು, ಹೆಸರು ನೋಡಿದ ತಕ್ಷಣ ಎಲ್ರೂ ಅದನ್ನೇ ತಗೊಳ್ಳೋಣ ಅಂತಾರೆ. ಅದು ಬರೀ ನಕ್ಷೆ ಮತ್ತೆ ಟಿಕೆಟ್ಟು ಮಾತ್ರ ಸ್ವಾಮಿ, ಬೋಗಿನೂ ಇಲ್ಲ ಬಣ್ಣದ ಕಾರ್ಡೂ ಇಲ್ಲ, ಮೂಲ ಡಬ್ಬ ಮನೇಲಿದ್ರೆ ಮಾತ್ರ ಉಪಯೋಗ. ಎಕ್ಸ್‌ಪಾನ್ಷನ್ ಅಂತ ಬರೆದಿರೋ ಯಾವುದನ್ನೂ ಮೊದಲ ಗಿಫ್ಟಾಗಿ ಕೊಡ್ಬೇಡಿ.

ಕಟಾನ್ ಬಗ್ಗೆ ನನ್ನ ಅಭಿಪ್ರಾಯಕ್ಕೆ ಬೈಯೋರು ಇದಾರೆ. ಕ್ಲಾಸ್ ಟಾಯ್ಬರ್ 1995ರಲ್ಲಿ ಮಾಡಿದ ಆಟ, ಈಗಿನ ಬೋರ್ಡ್ ಗೇಮ್ ಹುಚ್ಚಿಗೆ ದೊಡ್ಡ ಕಾರಣ ಅದೇ, "ಎರಡು ಕುರಿ ಕೊಡ್ತೀನಿ ಒಂದು ಇಟ್ಟಿಗೆ ಕೊಡೋ" ಅನ್ನೋ ಚೌಕಾಸಿ ಮಜಾ ಬೇರೆ ಯಾವ ಆಟದಲ್ಲೂ ಈ ಥರ ಇಲ್ಲ, ಎಲ್ಲ ಒಪ್ತೀನಿ. ಆದ್ರೆ ಮೊದಲ ಗಿಫ್ಟಿಗೆ ಬೇಡ. ಶುರುವಲ್ಲಿ ಇಡೋ ಎರಡು ಮನೆ ತಪ್ಪು ಜಾಗದಲ್ಲಿ ಇಟ್ರೆ ಮುಂದಿನ ಒಂದು ಗಂಟೆ ಆ ಮನುಷ್ಯ ಸುಮ್ನೆ ದಾಳ ಉರುಳೋದು ನೋಡ್ತಾ ಕೂರ್ಬೇಕು, ಮನೆ ಪಕ್ಕದ ಜಾಗದ ನಂಬರ್ ದಾಳದಲ್ಲಿ ಬಿದ್ರೇ ಸಾಮಾನು ಸಿಗೋದು, ಆರು ಎಂಟು ಜಾಸ್ತಿ ಬೀಳತ್ತೆ ಎರಡು ಹನ್ನೆರಡು ಅಪರೂಪ ಅನ್ನೋದು ಹೊಸಬರಿಗೆ ಎಲ್ಲಿ ಹೊಳೆಯತ್ತೆ. ಮೂರು ಅಥವಾ ನಾಲ್ಕೇ ಜನ, ಐದಾರು ಜನಕ್ಕೆ ಬೇರೆ ಡಬ್ಬ ದುಡ್ಡು ಕೊಟ್ಟು ತರ್ಬೇಕು, ಇಬ್ಬರೇ ಇದ್ರೆ ಆಡೋಕಾಗಲ್ಲ. ಹಾಸ್ಟೆಲ್ ಹುಡುಗರಿಗೆ, ಆಫೀಸ್ ಫ್ರೆಂಡ್ಸಿಗೆ ಕೊಡಿ, ಅವ್ರು ಮೂರೂ ಹೊತ್ತು ಆಡ್ತಾರೆ.

ಜನ ಜಾಸ್ತಿ ಇರೋ ಮನೆಗೆ, ಹಬ್ಬಕ್ಕೆ ಎಲ್ಲ ಸೇರೋ ಮನೆಗೆ, ಕೋಡ್‌ನೇಮ್ಸ್. ಇಪ್ಪತ್ತೈದು ಪದ ಹರಡಿರತ್ತೆ, ನಾಯಕ ಒಂದು ಪದ ಒಂದು ಸಂಖ್ಯೆ ಹೇಳ್ತಾನೆ, ಟೀಮಿನವ್ರು ಆ ಸುಳಿವಿಗೆ ಸೇರೋ ಅಷ್ಟು ಪದ ಯಾವ್ಯಾವು ಅಂತ ಕಂಡುಹಿಡೀಬೇಕು, ಒಂದು ಪದ ಮಾತ್ರ ಕೊಲೆಗಾರ, ಮುಟ್ಟಿದ್ರೆ ಅಲ್ಲೇ ಸೋಲು. ಇಂಗ್ಲಿಷ್ ಪದ ಅಂದ್ರೆ ಅರ್ಧ ಮನೆ ಹೊರಗುಳಿಯತ್ತೆ. ನಾವು ಹಳೇ ಲಗ್ನಪತ್ರಿಕೆ ಕತ್ತರಿಸಿ ಕನ್ನಡ ಪದ ಬರ್ಕೊಂಡು ಆಡ್ತೀವಿ, ಬಣ್ಣದ ಕಾರ್ಡು, ಯಾವ ಪದ ಯಾರ್ದು ಅಂತ ನಾಯಕರು ನೋಡೋ ಕೀ ಕಾರ್ಡು ಮಾತ್ರ ಡಬ್ಬದ್ದು. "ಮಲೆನಾಡು, ಮೂರು" ಅಂದ್ರು ನಮ್ಮ ಭಾವ ಒಂದ್ಸಲ, ಅವ್ರ ಮನಸ್ಸಲ್ಲಿದ್ದಿದ್ದು ಅಡಿಕೆ, ಜಿಗಣೆ, ಕಂಬಳಿ, ಅತ್ತಿಗೆ ಕಣ್ಣು ಮುಚ್ಕೊಂಡು ಕಾಫಿ ಮುಟ್ಟಿದ್ರು, ಕಾಫಿನೇ ಕೊಲೆಗಾರ. "ಚಿಕ್ಕಮಗಳೂರಲ್ಲಿ ಹುಟ್ಟಿ ಜಿಗಣೆ ಮುಟ್ತೀನಾ ನಾನು" ಅಂತ ರಾತ್ರಿ ಊಟದವರೆಗೂ ಅದೇ ಮಾತು. ಬರ್ಕೊಳ್ಳೋ ತಾಪತ್ರಯ ಬೇಡ ಅಂದ್ರೆ ಕೋಡ್‌ನೇಮ್ಸ್ ಪಿಕ್ಚರ್ಸ್ ಅಂತ ಇದೆ, ಬರೀ ಚಿತ್ರ, ಗಿಫ್ಟಿಗೆ ಅದೇ ವಾಸಿ.

ಚಿಕ್ಕ ಬಜೆಟ್ಟಿಗೆ ಡಾಬಲ್. 55 ದುಂಡನೆ ಕಾರ್ಡು, ಒಂದೊಂದರ ಮೇಲೂ ಎಂಟು ಚಿತ್ರ, ಯಾವ ಎರಡು ಕಾರ್ಡ್ ತಗೊಂಡ್ರೂ ಸರಿಯಾಗಿ ಒಂದೇ ಒಂದು ಚಿತ್ರ ಎರಡರಲ್ಲೂ ಇರತ್ತೆ, ಅದನ್ನ ಯಾರು ಮೊದ್ಲು ಕೂಗ್ತಾರೋ ಅವ್ರದ್ದು. ಹಿಂದೆ ಚೆಂದದ ಗಣಿತ ಇದೆ, ಮೇಷ್ಟ್ರು ಯಾರಿಗಾದ್ರೂ ಕೊಟ್ರೆ ಅವ್ರು ಆಟ ಬಿಟ್ಟು ಲೆಕ್ಕ ಹಾಕ್ತಾ ಕೂರ್ತಾರೆ. ಕನ್ನಡದಲ್ಲೇ ಕೂಗ್ಬೋದು. ತಗಡಿನ ಪುಟ್ಟ ಡಬ್ಬ, ಅಮೆರಿಕದಿಂದ ಬರೋರ ಸೂಟ್‌ಕೇಸಲ್ಲೂ ಮೂಲೇಲಿ ಕೂರತ್ತೆ. ಮಕ್ಕಳೇ ಯಾವಾಗ್ಲೂ ಗೆಲ್ತಾರೆ, ದೊಡ್ಡೋರಿಗೆ ಸ್ವಲ್ಪ ಹೊತ್ತಿಗೆ ಕಣ್ಣು ನೋವು.

ಸುಶಿ ಗೋ ಕೂಡ ಸಣ್ಣದು, ಒಂದು ಕಾರ್ಡ್ ಇಟ್ಕೊಂಡು ಮಿಕ್ಕಿದ್ದು ಪಕ್ಕಕ್ಕೆ ದಾಟಿಸೋದು, ಹದಿನೈದು ನಿಮಿಷದಲ್ಲಿ ಮುಗಿಯತ್ತೆ, ಆದ್ರೆ ಕಾರ್ಡ್ ತುಂಬಾ ಮೀನು, ಮಡಿ ಜಾಸ್ತಿ ಇರೋ ಮನೆಗೆ ಕೊಡೋ ಮುಂಚೆ ಯೋಚ್ನೆ ಮಾಡಿ! ಕ್ವರ್ಕಲ್ ಮರದ 108 ಬಿಲ್ಲೆ, ಆರು ಬಣ್ಣ ಆರು ಆಕಾರ, ಮಳೆಗಾಲದಲ್ಲಿ ಕಾರ್ಡೆಲ್ಲ ಹಪ್ಪಳ ಆಗೋ ಸಾಗರ ತೀರ್ಥಹಳ್ಳಿ ಕಡೆ ಮನೆಗಳಿಗೆ ಇದು ಹೇಳಿ ಮಾಡಿಸಿದ್ದು, ಹಳದಿ ಬಲ್ಬಿನ ಬೆಳಕಲ್ಲಿ ಕೆಂಪು ಯಾವ್ದು ಕಿತ್ತಳೆ ಯಾವ್ದು ಗೊತ್ತಾಗಲ್ಲ ಅನ್ನೋದು ಬಿಟ್ರೆ. ಸ್ಕಾಟ್ಲೆಂಡ್ ಯಾರ್ಡ್ ನಮ್ಮಲ್ಲಿ ಫನ್‌ಸ್ಕೂಲ್ ಡಬ್ಬದಲ್ಲಿ ಸುಲಭವಾಗಿ ಸಿಗತ್ತೆ, ಎಲ್ರೂ ಸೇರಿ ಒಬ್ಬ ಕಳ್ಳನ್ನ ಲಂಡನ್ ತುಂಬಾ ಹುಡುಕೋದು, 1983ರ ಆಟ ಆದ್ರೂ ಇವತ್ತಿಗೂ ಹಳಸಿಲ್ಲ.

ಪ್ಯಾಂಡೆಮಿಕ್ ಎಲ್ರೂ ಒಂದೇ ಟೀಮಾಗಿ ಲೋಕದ ತುಂಬಾ ಹರಡೋ ರೋಗ ತಡೆಯೋ ಆಟ, ಸೋತ್ರೆ ಅತ್ತು ಕರೆಯೋ ಮಕ್ಳಿರೋ ಮನೆಗೆ ಚೆನ್ನ ಅನ್ಸತ್ತೆ, ಆದ್ರೆ ಎಲ್ಲ ಗೊತ್ತಿರೋ ದೊಡ್ಡಪ್ಪ ಒಬ್ರಿದ್ರೆ ಮುಗೀತು, ನಾಲ್ಕೂ ಜನದ ಆಟ ಅವ್ರೇ ಆಡ್ತಾರೆ. ನಕ್ಷೇಲಿ 48 ಊರಿದೆ, ಚೆನ್ನೈ ಇದೆ, ಬೆಂಗಳೂರಿಲ್ಲ, ಇರ್ಲಿ. ವಿಂಗ್‌ಸ್ಪ್ಯಾನ್ ಹಕ್ಕಿ ನೋಡೋ ಹುಚ್ಚಿರೋ ಗಂಡ ಹೆಂಡ್ತಿಗೆ ಮಾತ್ರ, ಮೂಲ ಡಬ್ಬದಲ್ಲಿ 170 ಹಕ್ಕಿ ಕಾರ್ಡು, ಅದಕ್ಕಿಂತ 2022ರಲ್ಲಿ ಬಂದ ಏಷ್ಯಾ ಡಬ್ಬ ಒಳ್ಳೇದು, ಇಬ್ಬರು ಅದೊಂದನ್ನೇ ಇಟ್ಕೊಂಡು ಆಡ್ಬೋದು. ಕಾರ್ಡ್ ಮೇಲೆಲ್ಲ ಇಂಗ್ಲಿಷ್. ಗ್ಲೂಮ್‌ಹೇವನ್ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ರೇಟಿಂಗ್ ಮೇಲಿದೆ ನಿಜ, ಡಬ್ಬನೇ ಹತ್ತತ್ರ ಹತ್ತು ಕೆಜಿ.

ಅಂಗಡೀಲಿ ನಿಂತಾಗ ತಲೆ ಕೆಟ್ರೆ ಡಬ್ಬದ ಮೇಲೆ ಆಟದ ಕೆಂಪು ಕಾಯಿಯ ಗುರುತು ಹುಡುಕಿ. ಅದು ಆ ಜರ್ಮನ್ ಪ್ರಶಸ್ತಿದು, 1979ರಿಂದ ಕೊಡ್ತಿದಾರೆ, ಕೆಂಪು ಅಂದ್ರೆ ಮನೆಮಂದಿಯೆಲ್ಲ ಆಡೋದು, ನೀಲಿ ಅಂದ್ರೆ ಚಿಕ್ಕ ಮಕ್ಳದ್ದು, ಕಪ್ಪು ಬೂದು ಬಣ್ಣ ಇದ್ರೆ ಆಡಿ ಪಳಗಿದವ್ರಿಗೆ. ಬೋರ್ಡ್‌ಗೇಮ್‌ಗೀಕಲ್ಲಿ (ಆಟಗಳಿಗೆ ಜನ ಅಂಕ ಕೊಡೋ ವೆಬ್‌ಸೈಟು) ಹುಡುಕೋದಾದ್ರೆ ರೇಟಿಂಗ್ ಬಿಟ್ಟು ವೇಯ್ಟ್, ಅಂದ್ರೆ ಆಟ ಎಷ್ಟು ಕಷ್ಟ ಅಂತ ಐದಕ್ಕೆ ಎಷ್ಟು ಕೊಟ್ಟಿದಾರೆ ನೋಡಿ, ಎರಡರ ಕೆಳಗಿದ್ರೆ ಧೈರ್ಯವಾಗಿ ಕೊಡಿ. ಅಜುಲ್, ಟಿಕೆಟ್ ಟು ರೈಡ್ ಎರಡೂ ಎರಡರ ಕೆಳಗೇ ಇವೆ, ಕಟಾನ್ ದಾಟತ್ತೆ.

ಆನ್‌ಲೈನಲ್ಲಿ ತಗೊಳ್ಳುವಾಗ ನಕಲಿ ಕಾಟ. ಬೇರೆ ಕಡೆ ಮೂರು ಸಾವಿರದ ಹತ್ರ ಇರೋದು ಒಂದು ಕಡೆ ಎಂಟುನೂರಕ್ಕೆ ಸಿಕ್ರೆ ಅದು ಆಫರ್ ಅಲ್ಲ. ನಮ್ಮ ನೆಂಟರೊಬ್ರಿಗೆ ಹೀಗೇ ಬಂದ ಕಾರ್ಕಸಾನ್ (ಬೋರಲಾಗಿಟ್ಟ ತುಂಡುಗಳನ್ನ ಒಂದೊಂದೇ ಎತ್ತಿ ನಕ್ಷೆ ಕಟ್ಟೋ ಆಟ) ಡಬ್ಬದಲ್ಲಿ ತುಂಡುಗಳ ಹಿಂಬದಿ ಪ್ರಿಂಟ್ ಒಂದೊಂದು ಒಂದೊಂದು ಕಡೆ ವಾಲಿತ್ತು, ಎರಡು ಆಟ ಆಡೋ ಅಷ್ಟರಲ್ಲಿ ಹುಡುಗ್ರು ಬೆನ್ನು ನೋಡಿನೇ ಇದು ಚರ್ಚಿಂದು ಇದು ರಸ್ತೇದು ಅಂತ ಹೇಳೋಕೆ ಶುರು ಮಾಡಿದ್ರು. ಅಸಲಿ ಡಬ್ಬದಲ್ಲಿ ಒಂದು ತುಂಡು ಕಮ್ಮಿ ಇದ್ರೆ ಎಷ್ಟೋ ಕಂಪನಿಗಳು ಮೇಲ್ ಮಾಡಿದ್ರೆ ಬಿಡಿ ತುಂಡು ಕಳಿಸ್ತಾರೆ, ನಕಲಿಗೆ ಯಾರನ್ನ ಕೇಳ್ತೀರ.

ಕೊಡುವಾಗ ಸೀಲ್ ಒಡೀಬೇಡಿ, ಒಡೆದಿದ್ರೆ ನಮ್ಮ ಜನ ಹಳೇದು ದಾಟಿಸಿದಾರೆ ಅಂದ್ಕೋತಾರೆ. ಅವ್ರ ಎದುರಿಗೇ ಒಡೆಸಿ, ರಟ್ಟಿನ ತುಂಡುಗಳನ್ನ ಮಕ್ಳ ಕೈಲೇ ಕೀಳಿಸಿ, ಬಣ್ಣ ಬಣ್ಣದ್ದು ಬೇರೆ ಬೇರೆ ಜಿಪ್ ಕವರಿಗೆ ಹಾಕ್ಸಿ, ಫ್ಯಾನ್ ಒಂದಕ್ಕೆ ಇಳಿಸಿ ಒಂದಾಟ ಆಡಿಸಿಬಿಟ್ಟು ಬನ್ನಿ. ಮನೇಲೇ ಕೂತು ಒಂದು ಹಾಳೇಲಿ ರೂಲ್ಸನ್ನ ಕನ್ನಡದಲ್ಲಿ ಕೈಬರಹದಲ್ಲಿ ಬರ್ದು ಡಬ್ಬದೊಳಗೆ ಇಡಿ, ಅಜುಲ್‌ಗೆ ಅರ್ಧ ಪುಟ ಸಾಕು, ಟಿಕೆಟ್ ಟು ರೈಡ್‌ಗೆ ಮುಕ್ಕಾಲು. ಕೆಳಗೆ ನಿಮ್ಮ ಫೋನ್ ನಂಬರ್ ಬರೀಬೇಡಿ, ರಾತ್ರಿ ಹನ್ನೊಂದಕ್ಕೆ ಸ್ಕೋರ್ ಜಗಳ ತೀರ್ಸೋಕೆ ಕಾಲ್ ಬರತ್ತೆ.