ಡಿಎಸ್-160: ಅಮೆರಿಕದ ವಿದ್ಯಾರ್ಥಿ ವೀಸಾ ಫಾರ್ಮ್‌ಗೆ ಐದಕ್ಕೆ ಮೂರು ಅಂಕ

ಅಮೆರಿಕಕ್ಕೆ ಓದಲು ಹೊರಟವರು ವೀಸಾ ಸಂದರ್ಶನಕ್ಕೆ ವಾರಗಟ್ಟಲೆ ಉತ್ತರ ಬಾಯಿಪಾಠ ಮಾಡುತ್ತಾರೆ. ಡಿಎಸ್-160 ಫಾರ್ಮನ್ನು ಮಾತ್ರ ಒಂದೇ ರಾತ್ರಿಯಲ್ಲಿ ತುಂಬಿ ಮುಗಿಸುತ್ತಾರೆ, ಇಲ್ಲವೇ ಕನ್ಸಲ್ಟೆನ್ಸಿಯವರ ಕೈಗೆ ಒಪ್ಪಿಸಿಬಿಡುತ್ತಾರೆ. ಗಾಜಿನ ಆಚೆ ಕೂತ ಅಧಿಕಾರಿಯ ಮುಂದೆ ತೆರೆದಿರುವುದು ಇದೇ ಫಾರ್ಮು. ಎಫ್-1 ಎಂಬ ವಿದ್ಯಾರ್ಥಿ ವೀಸಾದ ಸಂದರ್ಶನ ಸಾಮಾನ್ಯವಾಗಿ ಎರಡು-ಮೂರು ನಿಮಿಷದ ಮಾತು. ಎಷ್ಟೋ ಸಲ ನೀವು ಹೊತ್ತೊಯ್ದ ಫೈಲನ್ನು ಕೇಳುವುದೂ ಇಲ್ಲ. ಆದ್ದರಿಂದ ತಯಾರಿ ಶುರುವಾಗಬೇಕಾದದ್ದು ಇಲ್ಲಿಂದಲೇ.

ಆನ್‌ಲೈನ್‌ನಲ್ಲೇ ತುಂಬುವ ಈ ಫಾರ್ಮ್ ಉಚಿತ. ವೆಬ್ ವಿಳಾಸ ‘ಡಾಟ್ ಗವ್’ ಎಂದು ಮುಗಿಯದಿದ್ದರೆ ಆ ಪುಟದಲ್ಲಿ ಒಂದಕ್ಷರವನ್ನೂ ತುಂಬಬೇಡಿ. 185 ಡಾಲರ್ ವೀಸಾ ಶುಲ್ಕವಾಗಲಿ, 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ) ಶುಲ್ಕವಾಗಲಿ ಈ ಫಾರ್ಮಿನ ಒಳಗೆ ಕಟ್ಟುವಂಥದ್ದಲ್ಲ. ಅವೆರಡಕ್ಕೂ ಬೇರೆ ಬೇರೆ ಪುಟಗಳಿವೆ.

ಮೊದಲ ಕಾಟ ಸಮಯದ್ದು. ಸುಮಾರು 20 ನಿಮಿಷ ಏನೂ ಮಾಡದೆ ಬಿಟ್ಟರೆ ಪುಟ ಮುಚ್ಚಿಕೊಳ್ಳುತ್ತದೆ, ಉಳಿಸದೆ ಇದ್ದದ್ದೆಲ್ಲ ಹೋಗುತ್ತದೆ. ಪಾಸ್‌ಪೋರ್ಟ್, ಐ-20 (ಸೀಟು ಕೊಟ್ಟ ವಿಶ್ವವಿದ್ಯಾಲಯ ಕಳಿಸುವ ಅರ್ಹತಾ ಪತ್ರ), ಅಂಕಪಟ್ಟಿ, ಐದು ವರ್ಷದ ಕೆಲಸದ ವಿವರ, ಹಿಂದೆ ಹೋಗಿಬಂದ ದೇಶಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ಕೂರಿ. ಶುರುವಿನಲ್ಲಿ ಸಿಗುವ ‘ಎಎ’ ಅಕ್ಷರಗಳಿಂದ ಶುರುವಾಗುವ ಅಪ್ಲಿಕೇಶನ್ ಐಡಿಯನ್ನು ಕೂಡಲೇ ಬರೆದಿಟ್ಟುಕೊಳ್ಳಿ. ಮತ್ತೆ ತೆರೆಯಲು ಅದರ ಜೊತೆ ಸರ್‌ನೇಮ್‌ನ ಮೊದಲ ಐದು ಅಕ್ಷರ, ಹುಟ್ಟಿದ ವರ್ಷ, ಭದ್ರತಾ ಪ್ರಶ್ನೆಯ ಉತ್ತರ ಬೇಕು.

ಈ ಸರ್‌ನೇಮ್‌ನಲ್ಲೇ ನಮ್ಮ ಕಡೆಯವರು ಹೆಚ್ಚಾಗಿ ಎಡವುವುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಚೇತನ್ ಎಂ’ ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟು, ಗಿವನ್ ನೇಮ್ ಜಾಗದಲ್ಲಿ ‘ಚೇತನ್ ಮಲ್ಲಪ್ಪ’ ಎಂದು ಅಚ್ಚಾಗಿರುತ್ತದೆ. ಅಪ್ಪನ ಹೆಸರನ್ನು ಕಿತ್ತು ಸರ್‌ನೇಮ್ ಮಾಡಲು ಹೋಗಬೇಡಿ. ಅಂಥವರು ಪೂರ್ತಿ ಹೆಸರನ್ನು ಸರ್‌ನೇಮ್ ಜಾಗದಲ್ಲೇ ತುಂಬಿ, ಗಿವನ್ ನೇಮ್‌ನಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಎಂದು ಹಾಕಬೇಕು. ಅಂದರೆ ಫಾರ್ಮ್ ಮತ್ತೆ ತೆರೆಯುವಾಗ ಬೇಕಾದ ಐದು ಅಕ್ಷರಗಳು ಚೇತನ್‌ನವು, ಮಲ್ಲಪ್ಪನವಲ್ಲ. ಅಳತೆಗೋಲು ಪಾಸ್‌ಪೋರ್ಟ್ ಒಂದೇ. ಐ-20ಯಲ್ಲಿ ಹೆಸರು ಅದಕ್ಕಿಂತ ಬೇರೆಯಾಗಿದ್ದರೆ ಫಾರ್ಮ್ ಮುಟ್ಟುವ ಮೊದಲೇ ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿ. ಅದೇ ಪುಟದಲ್ಲಿ ಹೆಸರನ್ನು ಮಾತೃಭಾಷೆಯ ಲಿಪಿಯಲ್ಲಿ ಕೇಳುವ ಕಾಲಂ ಇದೆ, ಅಲ್ಲಿ ಕನ್ನಡದಲ್ಲೇ ಟೈಪ್ ಮಾಡಬಹುದು. ಇಡೀ ಫಾರ್ಮಿನಲ್ಲಿ ಕನ್ನಡಕ್ಕೆ ಇರುವ ಜಾಗ ಅದೊಂದೇ, ದಯವಿಟ್ಟು ಖಾಲಿ ಬಿಡಬೇಡಿ.

ವಿದ್ಯಾರ್ಥಿಗಳಿಗೆಂದೇ ಇರುವ ಪುಟದಲ್ಲಿ ಸ್ವದೇಶದ ಇಬ್ಬರ ಹೆಸರು, ವಿಳಾಸ, ಫೋನ್ ಕೇಳುತ್ತಾರೆ. ಅಪ್ಪ-ಅಮ್ಮ, ಚಿಕ್ಕಪ್ಪ, ಮಾವ ಯಾರೂ ಆಗುವುದಿಲ್ಲ, ನೆಂಟರಲ್ಲದವರೇ ಆಗಬೇಕು. ಕಾಲೇಜಿನ ಮೇಷ್ಟ್ರನ್ನೋ ಆಫೀಸಿನ ಮೇಲಧಿಕಾರಿಯನ್ನೋ ಮೊದಲೇ ಕೇಳಿಟ್ಟುಕೊಳ್ಳಿ. ಸೋಷಿಯಲ್ ಮೀಡಿಯಾ ಪುಟದಲ್ಲಿ ಐದು ವರ್ಷದಲ್ಲಿ ಬಳಸಿದ ಎಲ್ಲ ಖಾತೆಗಳೂ ಬರಬೇಕು. 2025ರ ಜೂನ್‌ನಲ್ಲಿ ಬಂದ ಸೂಚನೆಯಂತೆ ವಿದ್ಯಾರ್ಥಿ ವೀಸಾ ಕೇಳುವವರು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು.

ಹಿಂದೆ ವೀಸಾ ನಿರಾಕರಣೆ ಆಗಿದೆಯೇ, ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಮನೆಯಲ್ಲಿ ವಿಚಾರಿಸಿಯೇ ಉತ್ತರಿಸಿ. ನಿರಾಕರಣೆಯಾಗಿದ್ದರೂ ಮತ್ತೆ ಅರ್ಜಿ ಹಾಕಬಹುದು. ಬೇಕೆಂದೇ ಸುಳ್ಳು ಬರೆದದ್ದು ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು.

ಖರ್ಚು ಯಾರದು ಎಂಬ ಪ್ರಶ್ನೆ ಪುಟ್ಟದು, ಸಂದರ್ಶನದಲ್ಲಿ ಮಾತು ತಿರುಗುವುದು ಮಾತ್ರ ಇದರ ಸುತ್ತಲೇ. ಫಾರ್ಮಿನಲ್ಲಿ ಅಪ್ಪ ಎಂದು ಬರೆದು, ಕಿಟಕಿಯಲ್ಲಿ ‘ಪೂರ್ತಿ ಎಜುಕೇಶನ್ ಲೋನ್’ ಎಂದರೆ ಅನುಮಾನ ಬರುವುದು ಸಹಜ. ಐ-20ಯಲ್ಲಿರುವ ವರ್ಷದ ಖರ್ಚಿನ ಮೊತ್ತ, ಅದರಲ್ಲಿ ಸಾಲ ಎಷ್ಟು, ಉಳಿತಾಯ ಎಷ್ಟು ಎಂಬ ಲೆಕ್ಕ ನಾಲಿಗೆಯ ತುದಿಯಲ್ಲಿರಲಿ. ಇದೇ ವಿಶ್ವವಿದ್ಯಾಲಯ ಏಕೆ ಎಂಬುದಕ್ಕೆ ಅಲ್ಲಿನ ಒಂದೆರಡು ವಿಷಯಗಳ ಹೆಸರು ಹೇಳಿದರೆ ಸಾಕು. ರ‍್ಯಾಂಕಿಂಗ್ ಒಪ್ಪಿಸುವುದಕ್ಕಿಂತ ಅದು ಎಷ್ಟೋ ಮೇಲು. ಅಮೆರಿಕದ ವಲಸೆ ಕಾನೂನಿನ 214(ಬಿ) ಸೆಕ್ಷನ್ ಅಡಿ ನಿರಾಕರಣೆ ಎಂದರೆ ಓದು ಮುಗಿಸಿ ಹಿಂತಿರುಗುವಿರಿ ಎಂಬುದು ಅಧಿಕಾರಿಗೆ ಮನವರಿಕೆ ಆಗಲಿಲ್ಲ ಎಂದರ್ಥ. ಹೆಚ್ಚು ಕಾಗದ ತೋರಿಸಿ ಅದನ್ನು ಗೆಲ್ಲಲಾಗದು.

ಫೋಟೋ ಅಪ್‌ಲೋಡ್ ಬಹಳ ಸತಾಯಿಸುತ್ತದೆ. ಚೌಕಾಕಾರ, 600ರಿಂದ 1200 ಪಿಕ್ಸೆಲ್, 240 ಕೆಬಿ ಒಳಗಿನ ಜೆಪೆಗ್, ಬಿಳಿ ಹಿನ್ನೆಲೆ, ಆರು ತಿಂಗಳ ಒಳಗಿನದು, ಕನ್ನಡಕ ಇರಕೂಡದು. ‘ಪಾಸ್‌ಪೋರ್ಟ್ ಸೈಜ್’ ಎಂದಷ್ಟೇ ಹೇಳಿದರೆ ಸ್ಟುಡಿಯೋದವರು ಉದ್ದ ಚೌಕಟ್ಟಿನದು ಕೊಡುತ್ತಾರೆ. ಎರಡಿಂಚು ಚೌಕ ಎಂದು ಬಿಡಿಸಿ ಹೇಳಿ.

ಕನ್ಸಲ್ಟೆನ್ಸಿಯವರು ತುಂಬಿಕೊಟ್ಟಿದ್ದರೆ, ‘ಯಾರಾದರೂ ನೆರವಾದರೇ’ ಎಂಬ ಪ್ರಶ್ನೆಗೆ ಹೌದು ಎಂದೇ ಬರೆದು ಅವರ ವಿವರ ಕೊಡಬೇಕು. ಸಹಿ ನಿಮ್ಮದು, ಹೊಣೆಯೂ ನಿಮ್ಮದೇ.

ನಾನು ಎರಡು ಅಂಕ ಕಳೆದದ್ದು ಸಲ್ಲಿಸಿದ ಮೇಲೆ ತಿದ್ದಲು ದಾರಿಯೇ ಇಲ್ಲದ್ದಕ್ಕೆ. ತಪ್ಪು ಕಂಡರೆ ಹೊಸ ಫಾರ್ಮ್ ತುಂಬಿ, ಹೊಸ ನಂಬರನ್ನು ಅಪಾಯಿಂಟ್‌ಮೆಂಟ್ ಖಾತೆಗೆ ಸೇರಿಸಬೇಕು. ಹಳೆಯದರ ವಿವರಗಳನ್ನು ಹೊಸದಕ್ಕೆ ಎಳೆದುಕೊಳ್ಳಬಹುದು ಎಂಬುದೊಂದು ಸಮಾಧಾನ. ಬಾರ್‌ಕೋಡ್ ಇರುವ ದೃಢೀಕರಣ ಪುಟದ ಜೊತೆಗೆ ಪೂರ್ತಿ ಫಾರ್ಮಿನ ಪ್ರತಿಯನ್ನೂ ಮುದ್ರಿಸಿಟ್ಟುಕೊಳ್ಳಿ. ಚೆನ್ನೈಗೋ ಹೈದರಾಬಾದಿಗೋ ಹೋಗುವ ರಾತ್ರಿ ಬಸ್ಸಿನಲ್ಲಿ ಓದಬೇಕಾದದ್ದು ಅದನ್ನೇ.