ಅಲ್ಟ್ರಾಸಾನಿಕ್ ಫ್ಲಾ ಡಿಟೆಕ್ಟರ್: ಐದು ವರ್ಷ ಬಳಸಿದ ಮೇಲೆ ಬರೀತಿರೋದು

ಹೊಸೂರು ಸಿಪ್ಕಾಟ್‌ನಲ್ಲಿ ನಮ್ದು ಚಿಕ್ಕ ಮಷೀನ್ ಶಾಪು, ಫೋರ್ಜಿಂಗ್ (ಕಾಯಿಸಿ ಬಡಿದು ಮಾಡಿದ ಲೋಹದ ತುಂಡು) ತರಿಸಿ ಮಷೀನಿಂಗ್ ಮಾಡಿ ಕೊಡ್ತೀವಿ. ಲೋಹದೊಳಗೆ ಶಬ್ದ ಕಳಿಸಿ ಬಿರುಕು ಹುಡುಕೋ, ಕೈಯಲ್ಲಿ ಹಿಡಿಯೋ ಯುಟಿ (ಅಲ್ಟ್ರಾಸಾನಿಕ್ ಟೆಸ್ಟಿಂಗ್) ಮಷೀನು ತಗೊಂಡು ಐದು ವರ್ಷ ಆಯ್ತು, ಯಾವ್ದು ತಗೊಳ್ಳೋದು ಅಂತ ತುಂಬಾ ಜನ ಕೇಳ್ತಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ನಮ್ಮತ್ರ ಇದ್ದಿದ್ದು ಡೈ ಪೆನೆಟ್ರಂಟ್ ಡಬ್ಬಿ ಮಾತ್ರ. ಕೆಂಪು ಬಣ್ಣ ಹೊಡಿ, ಸ್ವಲ್ಪ ಹೊತ್ತು ಬಿಡು, ಒರೆಸು, ಬಿಳಿ ಡೆವಲಪರ್ ಹೊಡಿ, ಬಿರುಕಿದ್ರೆ ಕೆಂಪು ಗೆರೆ ಮೂಡುತ್ತೆ. ಅಗ್ಗ, ಆದ್ರೆ ಮೇಲ್ಗಡೆ ಬಾಯಿ ಬಿಟ್ಟಿರೋ ಬಿರುಕು ಮಾತ್ರ ಸಿಗೋದು. 70 ಎಂಎಂ ದಪ್ಪದ ಸ್ಟೀಲ್ ಬ್ಲಾಕ್‌ಗಳ ಒಂದು ಲಾಟ್ ಹಿಂಗೇ ಓಕೆ ಮಾಡಿ ಕಳ್ಸಿದ್ವಿ, ಕಸ್ಟಮರ್ ಹತ್ರ ಬೋರ್ ಹಾಕ್ತಿರೋವಾಗ ನಟ್ಟನಡುವೆ ಬಿರುಕು ಕಾಣಿಸ್ಕೊಂಡು ಲಾಟ್ ಪೂರ್ತಿ ವಾಪಸ್ ಬಂತು. ಆ ರಾತ್ರಿ ನಿದ್ದೆ ಬರ್ಲಿಲ್ಲ.

ಉಳಿದಿದ್ದನ್ನ ಒಂದು ಲ್ಯಾಬ್‌ನಲ್ಲಿ ರೇಡಿಯೋಗ್ರಫಿ (ಆಸ್ಪತ್ರೆ ಎಕ್ಸ್‌ರೇ ಥರ) ಮಾಡ್ಸಿದ್ವಿ, ಫಿಲ್ಮು ಕ್ಲೀನು. ಲ್ಯಾಬ್‌ನವರ ತಪ್ಪಲ್ಲ, ಕಿರಣ ಹೋಗೋ ದಾರಿಲಿ ಲೋಹ ಎಲ್ಲಿ ಕಮ್ಮಿ ಇದ್ಯೋ ಅದು ಮಾತ್ರ ಫಿಲ್ಮ್‌ನಲ್ಲಿ ಕಪ್ಪಾಗಿ ಬೀಳೋದು. ಎರಕದ ಒಳಗಿನ ಗಾಳಿಗುಳ್ಳೆ ಚೆನ್ನಾಗಿ ಸಿಗುತ್ತೆ, ಆದ್ರೆ ಒಬ್ಬಟ್ಟಿನ ಪದರದ ಹಂಗೆ ಅಡ್ಡ ಮಲಗಿರೋ ಬಿರುಕಲ್ಲಿ ದಪ್ಪ ಕಮ್ಮಿ ಆಗೋದು ಕೂದಲಷ್ಟು, ಕಾಣೋದೇ ಇಲ್ಲ.

ಅಂಥ ಬಿರುಕಿಗೆ ಯುಟಿನೇ ಸರಿ. ಸ್ಟೀಲ್‌ನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತೆ, 4 ಮೆಗಾಹರ್ಟ್ಜ್ ಪ್ರೋಬ್ (ಶಬ್ದ ಕಳಿಸಿ ವಾಪಸ್ ಕೇಳೋ ತುದಿ) ಆದ್ರೆ ಅಲೆಯ ಉದ್ದ ಸುಮಾರು ಒಂದೂವರೆ ಎಂಎಂ, ಅಡ್ಡ ಬಿರುಕು ಸಿಕ್ಕಿದ ತಕ್ಷಣ ವಾಪಸ್ ಬರುತ್ತೆ. ಅದೇ ಬ್ಲಾಕ್ ಮೇಲೆ ಗ್ರೀಸ್ ಹಚ್ಚಿ ಪ್ರೋಬ್ ಜರುಗಿಸ್ತಾ ಹೋದೆ, 70 ಎಂಎಂ ಹತ್ರ ಬ್ಯಾಕ್ ವಾಲ್ ಈಕೋ (ಬ್ಲಾಕಿನ ಆಚೆ ಬದಿಗೆ ತಾಗಿ ಬರೋ ಪ್ರತಿಧ್ವನಿ) ನೆಟ್ಟಗೆ ನಿಂತಿತ್ತು, ಒಂದು ಕಡೆ ಬಂದಾಗ ಅದು ಕುಸೀತು, 38ರಲ್ಲಿ ಹೊಸದೊಂದು ಎದ್ದು ನಿಲ್ತು. ಪಕ್ಕದಲ್ಲಿದ್ದ ಹುಡುಗ "ಅಣ್ಣಾ, ಇಲ್ಲೇ ಇದೆ ನೋಡಿ" ಅಂತ ಚಾಕ್‌ಪೀಸ್ ತಗೊಂಡು ಗುರುತು ಹಾಕ್ದ. ಕೊಯ್ದು ನೋಡಿದ್ರೆ ಸರಿಯಾಗಿ ಅಲ್ಲೇ ಬಿರುಕು.

ಮಷೀನು ಸುಮ್ನೆ ಹೇಳ್ಬಿಡಲ್ಲ ಇದನ್ನ. ಬರೀ ಗ್ರಾಫ್ ತೋರ್ಸುತ್ತೆ, ಚಿತ್ರನೇ ಬೇಕು ಅಂದ್ರೆ ಫೇಸ್ಡ್ ಅರೇ ಅನ್ನೋ ದೊಡ್ಡ ಮಷೀನು, ಅದರ ರೇಟು ನಮ್ಮಂಥವರಿಗೆ ಆಗಲ್ಲ. ಒಂದ್ಸಲ ಅಲ್ಯೂಮಿನಿಯಂ ಜಾಬ್ ನೋಡಿ ವೆಲಾಸಿಟಿ (ಶಬ್ದದ ವೇಗ) ಅದರ 6,300ರಲ್ಲೇ ಬಿಟ್ಟಿದ್ವಿ, ಸ್ಟೀಲ್ ಇಟ್ರೆ 70 ಇದ್ದಿದ್ದು 75 ಅಂತು, ಅವತ್ತಿಂದ ಬೆಳಗ್ಗೆ ವಿ1 ಬ್ಲಾಕ್ (25 ಎಂಎಂ ದಪ್ಪದ, ಅಳತೆ ಪಕ್ಕಾ ಗೊತ್ತಿರೋ ಸ್ಟೀಲ್ ತುಂಡು) ಮೇಲೆ ಈಕೋಗಳು 25, 50, 75ಕ್ಕೆ ಸರಿ ಕೂರದೆ ಜಾಬ್ ಮುಟ್ಟಲ್ಲ. ಬೀಡು ಕಬ್ಬಿಣದ ಮೇಲೆ 4 ಮೆಗಾಹರ್ಟ್ಜ್ ಹಾಕಿದ್ರೆ ಸ್ಕ್ರೀನ್ ತುಂಬ ಹುಲ್ಲು ಬೆಳೆದಂಗೆ ಗದ್ದಲ, 2ಕ್ಕೆ ಇಳಿಸಿದ್ಮೇಲೆ ಪರವಾಗಿಲ್ಲ. ಮೇಲ್ಮೈಗೆ ತೀರಾ ಹತ್ರ ಇರೋದು ಮಾಮೂಲಿ ಪ್ರೋಬ್‌ಗೆ ಸಿಗಲ್ಲ, ಕಳಿಸೋಕೆ ಒಂದು, ಕೇಳೋಕೆ ಒಂದು ಭಾಗ ಬೇರೆ ಬೇರೆ ಇರೋ ಟಿಆರ್ ಪ್ರೋಬ್ ಬೇಕು. ಡೈ ಡಬ್ಬಿನೂ ಬಿಟ್ಟಿಲ್ಲ, ಮೇಲಿನ ಬಿರುಕಿಗೆ ಇವತ್ತೂ ಅದೇ.

ತೊಂದ್ರೆ ಅಂದ್ರೆ ಕೇಬಲ್, ಐದು ವರ್ಷದಲ್ಲಿ ಮೂರು ಹೋಯ್ತು, ಕನೆಕ್ಟರ್ ಹತ್ರನೇ ಕಿತ್ಕೊಳ್ಳುತ್ತೆ. ಒಂದ್ಸಲ ಸರ್ವೀಸಿಗೆ ಕೊಟ್ಟು ಏಳು ವಾರ ಕಾದೆ, ಕೆಲಸ ನಿಂತೋಯ್ತು, ಅದು ನಂಗೆ ಇನ್ನೂ ಬೇಜಾರು. ಮಷೀನಿಗೆ ಐದರಲ್ಲಿ ನಾಲ್ಕು. ತಗೊಳ್ಳೋರು ವಿ1 ಬ್ಲಾಕು, ಎರಡು ಕೇಬಲ್ಲು, ಶಾಪಲ್ಲಿ ಒಬ್ಬರಿಗೆ ಯುಟಿ ಲೆವೆಲ್ 2 (ಈ ಪರೀಕ್ಷೆ ಮಾಡೋರ ಎರಡನೇ ಹಂತದ) ಟ್ರೈನಿಂಗು, ಇವೆಲ್ಲದರ ದುಡ್ಡು ಸೇರಿಸ್ಕೊಂಡೇ ಲೆಕ್ಕ ಹಾಕಿ.