ಗರಸು ದಾರಿಯ ಬೆಟ್ಟಕ್ಕೆ ಯಾವ ಗಾಡಿ? ಒಂದೇ ಏರಿನಲ್ಲಿ ನಾಲ್ಕನ್ನೂ ಓಡಿಸಿ ನೋಡಿದ್ದು

ಚಿಕ್ಕಬಳ್ಳಾಪುರದ ಕಡೆ ಬೈಕಿನಲ್ಲಿ ಬೆಟ್ಟ ಹತ್ತುವುದೆಂದರೆ ಹೆಚ್ಚಿನವರಿಗೆ 1,478 ಮೀಟರ್ ಎತ್ತರದ ನಂದಿಬೆಟ್ಟದ ಡಾಂಬರು ತಿರುವುಗಳೇ ಕಣ್ಣಮುಂದೆ ಬರುತ್ತವೆ. ಆ ರಸ್ತೆಗೆ ಯಾವ ಗಾಡಿಯಾದರೂ ನಡೆಯುತ್ತದೆ. ನಾನು ಬರೆಯುತ್ತಿರುವುದು ಪೆರೇಸಂದ್ರದಿಂದ ಗುಡಿಬಂಡೆಯ ಕಡೆಗೆ ಹೋಗುವಾಗ ಕಾಣುವ ಬಂಡೆಗುಡ್ಡಗಳ ನಡುವಿನ ಎತ್ತಿನಗಾಡಿಯ ಜಾಡುಗಳ ಬಗ್ಗೆ. ನಾನು ಆರಿಸಿಕೊಂಡ ಜಾಡು ಸುಮಾರು ಮೂರು ಕಿಲೋಮೀಟರ್ ಉದ್ದವಿದ್ದು, ನೀಲಗಿರಿ ತೋಪಿನಲ್ಲಿ ಆರಂಭವಾಗಿ, ಮಳೆನೀರು ಕೊರೆದ ಒಂದು ಕೊರಕಲನ್ನು ದಾಟಿ, ಹಾಸುಬಂಡೆಯ ಮೇಲೆ ಹಾದು, ಕೊನೆಗೆ ಕಡಿದಾದ ಗರಸಿನ ಏರನ್ನು ಹತ್ತಿ ಗ್ರಾಮದೇವತೆಯ ಪುಟ್ಟ ಗುಡಿಯ ಮುಂದೆ ನಿಲ್ಲುತ್ತದೆ. ದಾರಿ ಪೂರ್ತಿ ನಮ್ಮ ಬಂಧುಗಳ ಜಮೀನು ಮತ್ತು ಊರಿನ ಗೋಮಾಳದಲ್ಲಿದೆ. ಅರಣ್ಯ ಇಲಾಖೆಯ ಜಾಗಕ್ಕೆ ಗಾಡಿ ಒಯ್ಯುವುದು ತಪ್ಪು. ಸ್ಕಂದಗಿರಿಯಂಥ ಕಡೆ ನಡೆದೇ ಹೋಗಬೇಕು.

ಈ ಜಾಡಿನಲ್ಲಿ ದೀಪಾವಳಿಯ ಆಸುಪಾಸಿನಲ್ಲಿ ನಾಲ್ಕು ಗಾಡಿಗಳನ್ನು ನಾನೇ ಓಡಿಸಿದೆ. ನನ್ನದೇ ಹೀರೋ ಎಕ್ಸ್‌ಪಲ್ಸ್ 200 4ವಿ, ಭಾವಮೈದನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಸ್ನೇಹಿತನ ಕೆಟಿಎಂ 390 ಅಡ್ವೆಂಚರ್, ಮತ್ತು ಚಿಕ್ಕಪ್ಪ ದಿನವೂ ಹಿಪ್ಪುನೇರಳೆ ಸೊಪ್ಪು ಹೇರಿಕೊಂಡು ಬರುವ ಟಿವಿಎಸ್ ಎಕ್ಸ್‌ಎಲ್ 100. ನನ್ನ ಎತ್ತರ ಐದಡಿ ಆರಂಗುಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಅರ್ಧ ಮಾತು ನೆಲಕ್ಕೆ ಕಾಲು ಎಟಕುವುದರ ಮೇಲೆಯೇ ನಿಂತಿದೆ.

ಕೆಟಿಎಂ ವಿಷಯವನ್ನು ಬೇಗ ಮುಗಿಸಬಹುದು. 373 ಸಿಸಿಯ ಆ ಎಂಜಿನ್ನಿಗೆ 43 ಅಶ್ವಶಕ್ತಿಯ ಬಲವಿದೆ, ಹೆದ್ದಾರಿಯಲ್ಲಿ ಅದರ ಓಟ ಸೊಗಸು. ಆದರೆ ಆ ಬಲ ಹೊಮ್ಮುವುದು ಎಂಜಿನ್ ವೇಗವಾಗಿ ತಿರುಗುವಾಗ. ಬಂಡೆಗಳ ನಡುವೆ ನಡಿಗೆಯ ವೇಗದಲ್ಲಿ ಹೋಗುವವನಿಗೆ ಅದು ಕೈಗೆ ಸಿಗುವುದಿಲ್ಲ. ಮುಂದಿನ ಚಕ್ರ 19 ಅಂಗುಲದ್ದು, ಸೀಟಿನ ಎತ್ತರ 855 ಮಿಲಿಮೀಟರ್. ಕೊರಕಲಿನ ಅಂಚಿನಲ್ಲಿ ನಿಂತಾಗ ನನ್ನ ಕಾಲಿನ ತುದಿಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ನನಗಿಂತ ಎತ್ತರದವರು ಬೇರೆ ಅಭಿಪ್ರಾಯಕ್ಕೆ ಬಂದರೆ ನನ್ನ ತಕರಾರಿಲ್ಲ.

ನಿಜವಾದ ಪೈಪೋಟಿ ಇದ್ದದ್ದು ಹಿಮಾಲಯನ್ ಮತ್ತು ಎಕ್ಸ್‌ಪಲ್ಸ್ ನಡುವೆ. ಎರಡಕ್ಕೂ ಮುಂದೆ 21 ಅಂಗುಲದ ಕಡ್ಡಿ ಚಕ್ರವಿದೆ, ಎರಡರ ಹೊಟ್ಟೆಯೂ ನೆಲದಿಂದ 220 ಮಿಲಿಮೀಟರ್ ಮೇಲಿದೆ. ದೊಡ್ಡ ಚಕ್ರ ಏಕೆ ಬೇಕೆಂಬುದು ತೋಪಿನೊಳಗೇ ತಿಳಿದುಹೋಗುತ್ತದೆ. ಒಣಗಿದ ನೀಲಗಿರಿ ಎಲೆಯ ಕೆಳಗೆ ಕಾಣದಂತೆ ಅಡಗಿರುವ ಗುಂಡುಕಲ್ಲಿಗೆ ಚಿಕ್ಕ ಚಕ್ರ ಡಿಕ್ಕಿ ಹೊಡೆದರೆ, ದೊಡ್ಡ ಚಕ್ರ ಅದನ್ನು ಹತ್ತಿ ಇಳಿದುಬಿಡುತ್ತದೆ.

ಹತ್ತುವುದರಲ್ಲಿ ಹಿಮಾಲಯನ್ ಮೇಲು, ಇದರಲ್ಲಿ ನನಗೆ ಸಂದೇಹವಿಲ್ಲ. ಅದರ ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ, 32 ನ್ಯೂಟನ್ ಮೀಟರ್, ನನ್ನ ಗಾಡಿಯದು ಸುಮಾರು 17. ಜೊತೆಗೆ ಆ ಟಾರ್ಕ್ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಒದಗುತ್ತದೆ. ಕೊನೆಯ ಗರಸಿನ ಏರಿನಲ್ಲಿ ಒಂದನೇ ಗೇರಿನಲ್ಲಿ ಕ್ಲಚ್ ಮುಟ್ಟದೆ, ಎತ್ತು ಗಾಡಿ ಎಳೆದಂತೆ, ಹಿಂದಿನ ಚಕ್ರ ಒಮ್ಮೆಯೂ ನಿಂತಲ್ಲೇ ಗಿರ್ರನೆ ತಿರುಗದೆ ಅದು ಮೇಲೆ ಹೋಯಿತು. ಎಕ್ಸ್‌ಪಲ್ಸ್‌ನಲ್ಲಿ ಅದೇ ಜಾಗದಲ್ಲಿ ಎಂಜಿನ್ನನ್ನು ಕೂಗಿಸಬೇಕು. ಕೂಗಿಸಿದರೆ ಹಿಂದಿನ ಚಕ್ರ ಗರಸನ್ನು ಹಿಂದಕ್ಕೆ ಎರಚುತ್ತದೆ, ಎರಚಿದಷ್ಟೂ ಹಿಡಿತ ಕಡಿಮೆಯಾಗುತ್ತದೆ. ಹಿಂದಿನ ಟೈರಿನ ಗಾಳಿಯ ಒತ್ತಡವನ್ನು 28 ಪಿಎಸ್‌ಐನಿಂದ 20ಕ್ಕೆ ಇಳಿಸಿದ ಮೇಲೆಯೇ ಅದು ಒಂದೇ ಉಸಿರಿಗೆ ಗುಡಿ ಮುಟ್ಟಿದ್ದು.

ಇಷ್ಟಾದ ಮೇಲೂ ನನ್ನ ಆಯ್ಕೆ ಎಕ್ಸ್‌ಪಲ್ಸ್ ಆಗಲು ಕಾರಣ ಹಾಸುಬಂಡೆಯ ಮೇಲೆ ನಡೆದ ಒಂದು ಘಟನೆ. ಹಿಮಾಲಯನ್‌ನಲ್ಲಿ ಇಳಿಯುವಾಗ ನಾನು ಅವಸರದಿಂದ ಅಡ್ಡಲಾಗಿ ತಿರುಗಿಸಿದೆ; ತಪ್ಪು ಪೂರ್ತಿಯಾಗಿ ನನ್ನದು. ಗಾಡಿ ಇಳಿಜಾರಿನ ಕಡೆಗೆ ಒರಗಿ ನಿಧಾನವಾಗಿ ಮಲಗಿತು. ಅದರ ತೂಕ 199 ಕೆ.ಜಿ. ಹ್ಯಾಂಡಲ್ ಕೆಳಗೆ, ಚಕ್ರಗಳು ಮೇಲೆ ಇರುವ ಆ ಸ್ಥಿತಿಯಲ್ಲಿ ಬೆನ್ನು ಕೊಟ್ಟು, ಮೊಣಕಾಲು ಊರಿ, ಎಷ್ಟೇ ಪ್ರಯತ್ನಪಟ್ಟರೂ ಅದು ಒಂದು ಗೇಣಿಗಿಂತ ಮೇಲೇಳಲಿಲ್ಲ. ಕುರಿ ಮೇಯಿಸುತ್ತಿದ್ದ ಹುಡುಗನೊಬ್ಬ ಬಂದು ಕೈಹಾಕುವವರೆಗೂ ಪೆಟ್ರೋಲು ಬಂಡೆಯ ಮೇಲೆ ತೊಟ್ಟಿಕ್ಕುವುದನ್ನು ನೋಡುತ್ತ ಕುಳಿತಿದ್ದೆ. ಎಕ್ಸ್‌ಪಲ್ಸ್ 158 ಕೆ.ಜಿ. ಇದೆ. ಅದೇ ಬಂಡೆಯ ಮೇಲೆ ಅದನ್ನು ಬೇಕೆಂದೇ ಮಲಗಿಸಿ, ಮೊದಲು ಅದರ ಮೂತಿಯನ್ನು ಅಡ್ಡಕ್ಕೆ ಎಳೆದು, ಒಬ್ಬನೇ ಎತ್ತಿ ನಿಲ್ಲಿಸಿದೆ. ನಲವತ್ತು ಕೆ.ಜಿ. ವ್ಯತ್ಯಾಸವೆಂದರೆ ಹೆಚ್ಚೂಕಡಿಮೆ ಒಂದು ಮೂಟೆ ಸಿಮೆಂಟು. ಫೋನಿಗೆ ಸಿಗ್ನಲ್ ಇಲ್ಲದ ಗುಡ್ಡದಲ್ಲಿ ಒಂಟಿಯಾಗಿ ಓಡಾಡುವವನಿಗೆ ಇದಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿಲ್ಲ.

"ಹತ್ತೋದು ಯಾವ ಗಾಡೀಲಾದ್ರೂ ಹತ್ತಬಹುದು ಕಣಪ್ಪ, ಇಳಿಯೋದು ನೋಡ್ಕೋ" ಎಂದು ಚಿಕ್ಕಪ್ಪ ಮೊದಲೇ ಎಚ್ಚರಿಸಿದ್ದರು. ಇಳಿಯುವಾಗ ಒಂದನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಬೇಕು, ಹಿಂದಿನ ಬ್ರೇಕು ಬೇಕೆಂದಾಗ ಚಕ್ರವನ್ನು ಪೂರ್ತಿ ನಿಲ್ಲಿಸಬೇಕು. ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತುಹೋಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಚಕ್ರವನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಸಡಿಲ ಗರಸಿನಲ್ಲಿ ಗಾಡಿ ಇನ್ನಷ್ಟು ದೂರ ಜಾರುತ್ತದೆ. ಎಕ್ಸ್‌ಪಲ್ಸ್‌ಗೆ ಎಬಿಎಸ್ ಇರುವುದು ಮುಂದಿನ ಚಕ್ರಕ್ಕೆ ಮಾತ್ರ, ಆದ್ದರಿಂದ ಅಲ್ಲಿ ತೊಂದರೆಯಿಲ್ಲ. ಭಾವಮೈದನ ಗಾಡಿಯಲ್ಲಿ ಹಿಂದಿನ ಎಬಿಎಸ್ ಆರಿಸಲು ಬಟನ್ ಇದೆ. ನೆನಪಿಟ್ಟು ಒತ್ತಬೇಕು, ಅಷ್ಟೆ. ಅದರ ಸೀಟು 800 ಮಿಲಿಮೀಟರ್ ಎತ್ತರದ್ದಾದ್ದರಿಂದ ಎರಡೂ ಪಾದ ಊರಿಕೊಂಡು ಇಳಿಯಬಹುದೆಂಬ ಧೈರ್ಯ ಸಿಗುತ್ತದೆ. ಆ ಧೈರ್ಯ ನನ್ನ ಗಾಡಿಯ 825 ಮಿಲಿಮೀಟರ್ ಸೀಟಿನಲ್ಲಿ ಅಷ್ಟಾಗಿ ಇರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಎಕ್ಸ್‌ಎಲ್ ಅನ್ನು ಈ ಸಾಲಿಗೆ ಸೇರಿಸಿದ್ದಕ್ಕೆ ಸ್ನೇಹಿತರು ಹುಬ್ಬೇರಿಸಿದರು. ಆದರೆ ಈ ಜಾಡಿನಲ್ಲಿ ವರ್ಷವಿಡೀ ಓಡಾಡುವ ಗಾಡಿ ಅದೊಂದೇ. ತೂಕ ತೊಂಬತ್ತು ಕೆ.ಜಿ.ಯೊಳಗೆ, ಒಂದೇ ಗೇರು, ಕೈಯಲ್ಲಿ ಹಿಡಿಯುವ ಕ್ಲಚ್ಚೇ ಇಲ್ಲ. ಕಡಿದಾದ ಏರು ಬಂದಾಗ ಚಿಕ್ಕಪ್ಪ ಕೆಳಗಿಳಿದು, ಎಡಗೈ ಹ್ಯಾಂಡಲ್ ಮೇಲಿಟ್ಟು, ಬಲಗೈಯಿಂದ ಆಕ್ಸಿಲರೇಟರನ್ನು ಹದವಾಗಿ ತಿರುಗಿಸುತ್ತ ಪಕ್ಕದಲ್ಲೇ ನಡೆಯುತ್ತಾರೆ. ಗಾಡಿ ತನ್ನ ಭಾರವನ್ನು ತಾನೇ ಎಳೆದುಕೊಂಡು ಮೇಲೆ ಹೋಗುತ್ತದೆ. ನಾನೂ ಹಾಗೆಯೇ ಗುಡಿಯವರೆಗೆ ಒಯ್ದೆ. ಇಳಿಯುವಾಗ ಮಾತ್ರ ಭಯವಾಯಿತು. ವೇಗ ತಗ್ಗಿದೊಡನೆ ಅದರ ಕ್ಲಚ್ ತಾನಾಗಿ ಬಿಟ್ಟುಕೊಳ್ಳುವುದರಿಂದ ಎಂಜಿನ್ನಿನ ಹಿಡಿತ ಇರುವುದಿಲ್ಲ, ಪೂರ್ತಿ ಭಾರ ಎರಡು ಪುಟ್ಟ ಡ್ರಮ್ ಬ್ರೇಕುಗಳ ಮೇಲೆ ಬೀಳುತ್ತದೆ.

ಇಬ್ಬರು ಮೂವರು ಒಟ್ಟಿಗೆ ಹೋಗುವವರು, ಬೆಟ್ಟದ ಜೊತೆಗೆ ದೂರದ ಪ್ರಯಾಣವನ್ನೂ ಮಾಡುವವರು ಹಿಮಾಲಯನ್ ತೆಗೆದುಕೊಳ್ಳಲಿ ಎಂದೇ ಹೇಳುತ್ತೇನೆ. ಭಾವಮೈದನಿಗೂ ಅದನ್ನು ಮಾರಬೇಡವೆಂದೆ. ನಾನು ಎಕ್ಸ್‌ಪಲ್ಸ್‌ಗೆ ಹಿಂದೆ ಎರಡು ಹಲ್ಲು ಹೆಚ್ಚಿರುವ ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲುಚಕ್ರ, ಹಾಕಿಸುತ್ತಿದ್ದೇನೆ. ಹೆದ್ದಾರಿಯ ವೇಗ ಸ್ವಲ್ಪ ತಗ್ಗುತ್ತದೆ, ಆದರೆ ಒಂದನೇ ಗೇರಿನ ಎಳೆತ ಹೆಚ್ಚುತ್ತದೆ. ಆ ಕೊನೆಯ ಗರಸಿನ ಏರನ್ನು ಗಾಳಿ ಇಳಿಸದೆ ಹತ್ತುವಂತಾದರೆ ನನಗೆ ಅಷ್ಟು ಸಾಕು.